ಎಷ್ಟು ಹಾರ್ಸ್‌ಪವರ್ ಅಂತ ಎಲ್ಲರೂ ಕೇಳುತ್ತಾರೆ

ಶೆಡ್ಡಿಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ‘ಎಷ್ಟು ಹಾರ್ಸ್‌ಪವರ್?’ ನೆಂಟರು ಕೇಳುತ್ತಾರೆ. ಕಾಳುಮೆಣಸು ನೋಡಲು ಬಂದ ವ್ಯಾಪಾರಿ ಕೇಳುತ್ತಾರೆ. ಗ್ಯಾಸ್ ಸಿಲಿಂಡರ್ ಇಳಿಸಲು ಬಂದ ಹುಡುಗನೂ ಬಾನೆಟ್ ಒಳಗೆ ಬಗ್ಗಿ ನೋಡಿ ಅದನ್ನೇ ಕೇಳುತ್ತಾನೆ. 114 ಅನ್ನುತ್ತೇನೆ. ‘ಮೊದಲು ಎಷ್ಟಿತ್ತು?’ 100 ಅನ್ನುತ್ತೇನೆ. ಅಲ್ಲಿಗೆ ಅವರ ಉತ್ಸಾಹ ಅರ್ಧ ಇಳಿದುಹೋಗುತ್ತದೆ. ಹಳೇ ಎಂಜಿನ್ ಕಿತ್ತು, ಬೇರೆ ಕಾರಿನ ಟರ್ಬೊ ಎಂಜಿನ್ (ಹೊಗೆಯ ಬಲದಿಂದ ಹೆಚ್ಚು ಗಾಳಿ ಒಳಗೆ ತಳ್ಳಿಕೊಳ್ಳುವಂಥದ್ದು) ತಂದು, ವೈರಿಂಗ್ ಎಲ್ಲ ಬಿಚ್ಚಿ ಹರಡಿಕೊಂಡು, ಭಾನುವಾರಗಳನ್ನೆಲ್ಲ ಅದಕ್ಕೇ ಕೊಟ್ಟಿದ್ದು ಬರೀ 14 ಹಾರ್ಸ್‌ಪವರಿಗಾ ಅಂತ ಅವರಿಗೆ ಅನಿಸುವುದು ಸಹಜ.

ಈ ಪ್ರಶ್ನೆ ನನ್ನನ್ನು ತುಂಬ ದಿನದಿಂದ ಕಾಡುತ್ತಿದೆ. ಕೇಳುವವರ ಮೇಲೆ ಬೇಸರವಿಲ್ಲ. ಕಾರಿನ ಜಾಹೀರಾತು, ಕಾರಿನ ವಿಡಿಯೊ, ಎಲ್ಲವೂ ನಮಗೆ ಕಲಿಸಿರುವುದು ಅದೊಂದೇ ಅಂಕಿ. ಆದರೆ ಟರ್ಬೊ ಎಂಜಿನ್ ಕೂರಿಸುವವರ ತಲೆಯಲ್ಲಿ ದಿನವಿಡೀ ಓಡುವ ಲೆಕ್ಕ ಬೇರೆಯೇ. ಅದು ಬಿಸಿಯ ಲೆಕ್ಕ. ಬಿಸಿ ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ, ಹೋಗದೆ ಉಳಿದರೆ ಯಾವುದನ್ನು ಸುಡುತ್ತದೆ. ಶೆಡ್ಡಿಗೆ ಬಂದವರಲ್ಲಿ ಇದನ್ನು ಕೇಳಿದವರು ಒಬ್ಬರೇ. ಅವರ ವಿಷಯ ಮುಂದೆ ಬರುತ್ತದೆ.

ಕಾರು ಫಿಯೆಟ್ ಪಾಲಿಯೊ 1.6 ಜಿಟಿಎಕ್ಸ್. 2001ರಲ್ಲಿ ನಮ್ಮ ದೇಶಕ್ಕೆ ಬಂದ ಮಾಡೆಲ್. ಎರಡು ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ ಸ್ಪೋರ್ಟ್ಸ್ ಕಾರು ಇದಲ್ಲ. ಆದರೆ ಆ ಕಾಲದಲ್ಲಿ ಸಣ್ಣ ಹ್ಯಾಚ್‌ಬ್ಯಾಕ್ ಮೈಯೊಳಗೆ 1.6 ಲೀಟರಿನ 16 ವಾಲ್ವ್ ಎಂಜಿನ್ ಇಟ್ಟು ಕೊಟ್ಟಿದ್ದು ದೊಡ್ಡ ವಿಷಯ. ರ‍್ಯಾಲಿ ನೋಡಿಕೊಂಡು ಬೆಳೆದ ನಮ್ಮ ಕೊಡಗಿನ ಕಡೆಯ ಹುಡುಗರಿಗೆ ಕೈಗೆಟಕುವ ಸ್ಪೋರ್ಟ್ಸ್ ಕಾರು ಅಂದರೆ ಅದೇ. ಸ್ಟೀರಿಂಗ್ ಹಿಡಿದರೆ ರಸ್ತೆ ಹೇಗಿದೆ ಅಂತ ಅಂಗೈಗೆ ಗೊತ್ತಾಗುತ್ತದೆ. ಈಗಿನ ಎಷ್ಟೋ ಕಾರುಗಳಲ್ಲಿ ಅದು ಸಿಗುವುದಿಲ್ಲ. ಆ ಒಂದು ಕಾರಣಕ್ಕೇ ನನಗೆ ಈ ಕಾರು ಮಾರಲು ಮನಸ್ಸಾಗಲಿಲ್ಲ.

ಹಳೇ ಎಂಜಿನ್ ಆಯಿಲ್ ಕುಡಿಯತೊಡಗಿತ್ತು. ರಿಪೇರಿ ಮಾಡಿಸೋಣ ಅಂದರೆ ಬಿಡಿಭಾಗಕ್ಕೆ ಪರದಾಟ. ಆಗ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡ, ಫಿಯೆಟ್‌ನದೇ ಆದ ಲಿನಿಯಾ ಟಿ-ಜೆಟ್ ಕಾರೊಂದು ಕಣ್ಣಿಗೆ ಬಿತ್ತು. ಮುಂಭಾಗ ಹಾಗೇ ಇತ್ತು. ಅದರ ಎಂಜಿನ್ 1,368 ಸಿಸಿ. ಅಂದರೆ ಪಾಲಿಯೊದಲ್ಲಿ ಇದ್ದದ್ದಕ್ಕಿಂತ ಚಿಕ್ಕದು. ಆದರೆ ಟರ್ಬೊ ಇದೆ. ಜೊತೆಗೆ ಅದು ಫಿಯೆಟ್‌ನ ‘ಫೈರ್’ ಎಂಜಿನ್ ಬಳಗದ್ದು. ಪಾಲಿಯೊ 1.2ರ ಎಂಜಿನ್ ಕೂಡ ಅದೇ ಬಳಗದ್ದು. ಹಾಗಾಗಿ ಈ ಮೈಗೆ ಆ ಎಂಜಿನ್ ತೀರಾ ಪರಕೀಯವಲ್ಲ ಅಂತ ಧೈರ್ಯ ಬಂತು.

ನಮ್ಮ ರಸ್ತೆಗೆ ಬೇಕಾದ ಬಲ

14 ಹಾರ್ಸ್‌ಪವರಿನ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಲಿನಿಯಾ ಟಿ-ಜೆಟ್ 2010ರಲ್ಲಿ ಬಂದಾಗ ಅದರ ಪಟ್ಟಿಯಲ್ಲಿ ಇನ್ನೊಂದು ಅಂಕಿ ಇತ್ತು. 207 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಅದೂ 2,200 ಆರ್‌ಪಿಎಂಗೇ, ಅಂದರೆ ನಿಮಿಷಕ್ಕೆ 2,200 ಸುತ್ತಿಗೇ. ಟರ್ಬೊ ಇಲ್ಲದ 1.6 ಎಂಜಿನ್ನಿಗೆ ಅಷ್ಟು ಟಾರ್ಕ್ ಎಷ್ಟು ತಿರುಗಿಸಿದರೂ ಬರುವುದಿಲ್ಲ. ಇರುವಷ್ಟು ಬರಬೇಕಾದರೂ ಅದು ಕೂಗುವ ತನಕ ತುಳಿಯಬೇಕು.

ನಮ್ಮ ರಸ್ತೆಗಳನ್ನು ನೆನಪು ಮಾಡಿಕೊಳ್ಳಿ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಕಡೆ ಇಳಿಯುವ ರಸ್ತೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವ ಘಾಟಿ. ಇಲ್ಲಿ ಎಲ್ಲಿ ಕೂಗಿಸುತ್ತೀರಿ ಎಂಜಿನ್ನನ್ನು? ತಿರುವಿನಲ್ಲಿ ಎರಡನೇ ಗೇರು, ತಿರುವು ಬಿಟ್ಟ ಕೂಡಲೇ ಎಳೆತ ಬೇಕು, ಮೂರನೇ ಗೇರಿಗೆ ಬರುವಷ್ಟರಲ್ಲಿ ಮುಂದಿನ ತಿರುವು. ಎದುರಿಗೆ ಕೆಎಸ್‌ಆರ್‌ಟಿಸಿ ಬಸ್ಸು. ಇಂಥ ಕಡೆ ಎಂಜಿನ್ ಕಡಿಮೆ ಸುತ್ತಿನಲ್ಲೇ ಎಳೆಯಬೇಕು. 6,000 ಆರ್‌ಪಿಎಂನಲ್ಲಿ ಎಷ್ಟಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಇನ್ನೊಂದು ಕಾರಣ ಎತ್ತರ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಮಂಗಳೂರಿಗೆ ಹೋಲಿಸಿದರೆ ಗಾಳಿಯ ಒತ್ತಡ ಸುಮಾರು ಶೇ. 12ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಗಾಳಿಯನ್ನು ತಾನೇ ಎಳೆದುಕೊಳ್ಳಬೇಕು. ಗಾಳಿ ತೆಳುವಾದರೆ ಬಲವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಕಾಗದದ ಮೇಲಿನ 100 ಹಾರ್ಸ್‌ಪವರ್ ಘಾಟಿಯ ತುದಿಗೆ ಬರುವಾಗ 88ರ ಆಸುಪಾಸು. ಟರ್ಬೊ ಆದರೆ ಇನ್ನಷ್ಟು ಜೋರಾಗಿ ತಿರುಗಿ ಕೊರತೆಯನ್ನು ಬಹುಪಾಲು ತುಂಬಿಕೊಡುತ್ತದೆ. ಆದರೆ ತೆಳು ಗಾಳಿಯನ್ನು ಜಾಸ್ತಿ ಒತ್ತಿದಷ್ಟೂ ಅದು ಜಾಸ್ತಿ ಬಿಸಿಯಾಗುತ್ತದೆ. ಮತ್ತೆ ಅಲ್ಲಿಗೇ ಬಂದೆವು.

ದೊಡ್ಡ ಟರ್ಬೊ ಹಾಕಿ 200 ಹಾರ್ಸ್‌ಪವರ್ ತೆಗೆಯಬಹುದಲ್ವಾ ಅಂತ ಕೆಲವರು ಹೇಳಿದರು. ತೆಗೆಯಬಹುದು. ಆದರೆ ದೊಡ್ಡ ಟರ್ಬೊ ಎಚ್ಚರವಾಗಲು ಹೊತ್ತು ಬೇಕು. ತಿರುವಿನಲ್ಲಿ ಕಾಲು ಕೊಟ್ಟರೆ ಸುಮ್ನೆ ಇರುತ್ತದೆ, ತಿರುವು ಮುಗಿದ ಮೇಲೆ ಒಮ್ಮೆಲೇ ಎಲ್ಲ ಬರುತ್ತದೆ. ಉದ್ದದ ನೇರ ರಸ್ತೆಯಲ್ಲಿ ಅದಕ್ಕೆ ಬೆಲೆ ಇದೆ. ಒಂದು ಬದಿ ಗುಡ್ಡದ ಬರೆ, ಇನ್ನೊಂದು ಬದಿ ಕಣಿವೆ ಇರುವ ಕಡೆ ಅದು ಅಪಾಯ. ಕಾರ್ಖಾನೆಯವರು ಕೂರಿಸಿದ ಸಣ್ಣ ಟರ್ಬೊವನ್ನೇ ಉಳಿಸಿಕೊಳ್ಳುವುದು ಅಂತ ನಾನು ಮೊದಲ ದಿನವೇ ತೀರ್ಮಾನ ಮಾಡಿದೆ. ಇವತ್ತಿಗೂ ಅದು ಸರಿ ಅನಿಸುತ್ತದೆ.

ಪಲ್ಪರ್ ಶೆಡ್ಡಿನಲ್ಲಿ

ಕಾಫಿ ತೋಟದಲ್ಲಿ ಬೆಳೆದವರಿಗೆ ಎಂಜಿನ್ ಹೊಸದಲ್ಲ. ಫೆಬ್ರವರಿ ಬಂದರೆ ಸ್ಪ್ರಿಂಕ್ಲರ್. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಹೊಳೆ ಬದಿಯಲ್ಲೋ ಕೆರೆ ದಂಡೆಯಲ್ಲೋ ಡೀಸೆಲ್ ಪಂಪ್‌ಸೆಟ್ಟು ಹಗಲು ರಾತ್ರಿ ಓಡಬೇಕು. ನಡುರಾತ್ರಿ ಅದು ನಿಂತರೆ ಟಾರ್ಚ್ ಹಿಡಿದು ಓಡುವುದು ಮನೆಯವರೇ. ನನಗೆ ಸ್ಪ್ಯಾನರಿನ ನಂಬರು ಕಣ್ಣು ಮುಚ್ಚಿ ಹೇಳಲು ಬಂದಿದ್ದು ಆ ಪಂಪಿನ ದಯೆಯಿಂದ. ಮನೆಯಲ್ಲೇ ಎಂಜಿನ್ ಇಳಿಸಿ ಏರಿಸುವ ಆಲೋಚನೆ ಬಂದಾಗ ಅಪ್ಪ ಬೇಡ ಅನ್ನಲಿಲ್ಲ. ಕೊಯ್ಲು ಮುಗಿದ ಮೇಲೆ ಮಾಡು, ಪಲ್ಪರ್ ಶೆಡ್ ಖಾಲಿ ಇರುತ್ತೆ ಅಂದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಶೆಡ್ ಅದು.

ಶೆಡ್ಡಿನ ನಡುವಿನ ತೊಲೆ ಹಳೆಯ ಬೀಟೆ ಮರದ್ದು. ಅದಕ್ಕೆ ಚೈನ್ ಬ್ಲಾಕ್ ಕಟ್ಟಿದೆವು. ಪಂಪ್‌ಸೆಟ್ಟು ರಿಪೇರಿಗೆ ನನ್ನ ಚಿಕ್ಕಂದಿನಿಂದ ಬರುವ ಮೇಸ್ತ್ರಿಯವರನ್ನು ಕರೆದಿದ್ದೆ. ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ, ಆದರೆ ಬೆರಳು ಇನ್ನೂ ಚುರುಕು. ಲಿನಿಯಾದ ಎಂಜಿನ್ ಮರದ ಹಲಗೆ ಮೇಲೆ ಕೂತಿತ್ತು. ನಾನು ಮೌಂಟಿಂಗ್ ಅಳತೆ ತೆಗೆಯುತ್ತಿದ್ದೆ. ಅವರು ಅದನ್ನೆಲ್ಲ ನೋಡಲೇ ಇಲ್ಲ. ನೇರ ಟರ್ಬೊ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ಗಾಳಿ ಎಳೆಯುವ ಬಾಯಿಯೊಳಗೆ ಎರಡು ಬೆರಳು ಹಾಕಿದರು. ಒಳಗೆ ಸಣ್ಣ ಫ್ಯಾನಿನಂಥ ಚಕ್ರ. ಅದರ ನಡುವಿನ ನಟ್ಟು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಕೂದಲೆಳೆಯಷ್ಟು ಆಡಿತು. ಆಮೇಲೆ ಉದ್ದಕ್ಕೆ, ಒಳಗೆ ಹೊರಗೆ ತಳ್ಳಿ ಎಳೆದರು. ಆಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಚಕ್ರವನ್ನು ಒಂದು ಸುತ್ತು ತಿರುಗಿಸಿ, ಎಲ್ಲಾದರೂ ಉಜ್ಜುತ್ತದಾ ಅಂತ ಬೆರಳಲ್ಲೇ ಕೇಳಿಸಿಕೊಂಡರು.

‘ಮೋನೇ, ಇದು ಚೆನ್ನಾಗಿದೆ’ ಅಂದರು. ‘ಈ ಕಡೆ ಆ ಕಡೆ ಸ್ವಲ್ಪ ಆಡಬೇಕು, ಅಲ್ಲಿ ಆಯಿಲ್ ಕೂತ್ಕೊಳ್ಳುತ್ತೆ. ಉದ್ದಕ್ಕೆ ಆಡಿದ್ರೆ ಮಾತ್ರ ಬಿಸಾಕು.’

ಆ ಚಕ್ರ ಜೋರಾಗಿ ತಿರುಗುವಾಗ ನಿಮಿಷಕ್ಕೆ 2 ಲಕ್ಷ ಸುತ್ತಿನ ಹತ್ತಿರ ಹೋಗುತ್ತದೆ. ಶಾಫ್ಟಿನ ಒಂದು ತುದಿಯಲ್ಲಿ ಸೈಲೆನ್ಸರ್ ಕಡೆಗೆ ಹೋಗುವ ಹೊಗೆ, 900 ಡಿಗ್ರಿ ಆಸುಪಾಸು. ಇನ್ನೊಂದು ತುದಿಯಲ್ಲಿ ಹೊರಗಿನ ಗಾಳಿ. ನಡುವೆ ಒಂದು ಗೇಣೂ ಇಲ್ಲ. ಆ ಶಾಫ್ಟು ಲೋಹಕ್ಕೆ ಲೋಹ ತಾಗಿಸಿಕೊಂಡು ತಿರುಗುವುದಿಲ್ಲ, ಆಯಿಲಿನ ತೆಳು ಪದರದ ಮೇಲೆ ತೇಲುತ್ತದೆ. ಅದೇ ಎಂಜಿನ್ ಆಯಿಲ್. ಅಲ್ಲಿಗೆ ಹೋಗಿ, ಬಿಸಿ ಹೊತ್ತುಕೊಂಡು, ಮತ್ತೆ ಸಂಪ್‌ಗೆ, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ, ಇಳಿಯಬೇಕು.

ಈ ಇಳಿಯುವ ವಿಷಯದಲ್ಲೇ ಮೇಸ್ತ್ರಿ ನಿಂತರು. ಟರ್ಬೊಗೆ ಆಯಿಲ್ ಹೋಗುವುದು ಪಂಪಿನ ಒತ್ತಡದಿಂದ, ಸಣ್ಣ ಪೈಪಿನಲ್ಲಿ. ವಾಪಸ್ ಬರುವುದಕ್ಕೆ ಒತ್ತಡ ಇಲ್ಲ. ಬರೀ ತೂಕದಿಂದ ಇಳಿಯಬೇಕು. ಅದಕ್ಕೇ ವಾಪಸ್ ಪೈಪು ದಪ್ಪ ಇರುತ್ತದೆ. ಎಲ್ಲೂ ಮೇಲಕ್ಕೆ ಬಾಗಬಾರದು, ಎಲ್ಲೂ ಕುಗ್ಗಬಾರದು. ಪಾಲಿಯೊದೊಳಗೆ ಎಂಜಿನ್ ಕೂರಿಸುವಾಗ ಗೇರ್‌ಬಾಕ್ಸಿಗೆ ಜಾಗ ಸಾಲದೆ ಇಡೀ ಎಂಜಿನ್ನನ್ನು ಸ್ವಲ್ಪ ಓರೆ ಮಾಡುವ ಯೋಚನೆ ನಮ್ಮಲ್ಲಿತ್ತು. ಮೇಸ್ತ್ರಿ ಆ ಪೈಪಿನ ಮೇಲೆ ಕೈ ಇಟ್ಟು ಕೇಳಿದರು. ‘ಓರೆ ಮಾಡಿದ್ರೆ ಇದು ಹೇಗೆ ಇಳಿಯುತ್ತೆ? ಇಳೀದೆ ಇದ್ರೆ ಇಲ್ಲಿರೋ ಬಿಸಿ ಎಲ್ಲಿಗೆ ಹೋಗುತ್ತೆ?’

ನಾನು ಕಾಯುತ್ತಿದ್ದ ಪ್ರಶ್ನೆ ಅದು. ಎಂಜಿನ್ ಓರೆ ಮಾಡುವುದನ್ನು ಬಿಟ್ಟು, ಗೇರ್‌ಬಾಕ್ಸ್ ಕಡೆಯ ಮೌಂಟಿಂಗ್ ಬ್ರಾಕೆಟ್ಟನ್ನು ಹೊಸದಾಗಿ ಮಾಡಿಸಿದೆವು. ಕುಶಾಲನಗರದ ಲೇತ್‌ನಲ್ಲಿ ದಪ್ಪ ಪ್ಲೇಟ್ ಕತ್ತರಿಸಿ, ಮೊದಲು ರಟ್ಟಿನಲ್ಲಿ ಅಳತೆ ಮಾಡಿ, ಆಮೇಲೆ ವೆಲ್ಡಿಂಗ್. ಡ್ರೈವ್ ಶಾಫ್ಟುಗಳಿಗೆ ಗೇರ್‌ಬಾಕ್ಸ್ ಕಡೆಯ ತುದಿ ಲಿನಿಯಾದ್ದು, ಚಕ್ರದ ಕಡೆಯದು ಪಾಲಿಯೊದ್ದು. ಆ ಜೋಡಣೆ ಮಾತ್ರ ಕೊಯಮತ್ತೂರಿನಲ್ಲಿ ಮಾಡಿಸಿದೆ. ರೇಸಿನ ಕಾರಿನ ಕೆಲಸ ತಿಳಿದವರು ಅಲ್ಲಿ ಜಾಸ್ತಿ.

ವೈರಿಂಗ್ ಬಗ್ಗೆ ಒಂದೇ ಮಾತು. ಲಿನಿಯಾದಲ್ಲಿ ಆಕ್ಸಿಲರೇಟರಿಗೆ ಕೇಬಲ್ ಇಲ್ಲ, ಎಲ್ಲ ಎಲೆಕ್ಟ್ರಾನಿಕ್. ಕೀಲಿ ತನ್ನದೇ ಅಂತ ಕಂಪ್ಯೂಟರಿಗೆ ಖಾತ್ರಿ ಆಗದಿದ್ದರೆ ಎಂಜಿನ್ ಚಾಲೂ ಆಗುವುದೇ ಇಲ್ಲ. ಹಾಗಾಗಿ ಇಂಥ ಕೆಲಸಕ್ಕೆ ಬರೀ ಎಂಜಿನ್ ಕೊಳ್ಳಬೇಡಿ. ಪೆಡಲ್ಲು, ಕೀಲಿ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗಿನ ಪೂರ್ತಿ ಕಟ್ಟು, ಸಾಧ್ಯವಾದರೆ ಇಡೀ ಗುಜರಿ ಕಾರನ್ನೇ ತನ್ನಿ. ದುಡ್ಡು ಉಳಿಯುತ್ತದೆ, ತಲೆಯೂ ಉಳಿಯುತ್ತದೆ.

ಹೊಗೆಯ ಜೊತೆ ಹೋಗುವ ಬಿಸಿ

ಪೆಟ್ರೋಲ್ ಎಂಜಿನ್ನಿಗೆ ಹಾಕಿದ ಇಂಧನದಲ್ಲಿ ಕೆಲಸಕ್ಕೆ ಬರುವುದು ಸುಮಾರು ಮೂರನೇ ಒಂದು ಭಾಗ. ಉಳಿದದ್ದರಲ್ಲಿ ಒಂದು ಪಾಲು ರೇಡಿಯೇಟರ್ ಕಡೆಗೆ, ಇನ್ನೊಂದು ಪಾಲು ಹೊಗೆಯ ಜೊತೆ ಹೊರಗೆ. ಹಾಗೆ ಹೊರಗೆ ಹೋಗುವುದನ್ನು ಹಿಡಿದು ಕೆಲಸಕ್ಕೆ ಹಚ್ಚಬಹುದು ಅಂತ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಎಂಥ ಚಂದದ ಆಲೋಚನೆ! ವ್ಯರ್ಥವಾಗುವ ಬಿಸಿಯಿಂದಲೇ ಎಂಜಿನ್ನಿಗೆ ಇನ್ನಷ್ಟು ಉಸಿರು. ನನಗೆ ಟರ್ಬೊ ಮೇಲೆ ಪ್ರೀತಿ ಹುಟ್ಟಿದ್ದು ವೇಗದಿಂದಲ್ಲ, ಈ ಆಲೋಚನೆಯಿಂದ.

ಆದರೆ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದ ಯಾರಿಗಾದರೂ ಗೊತ್ತು. 30 ಡಿಗ್ರಿಯ ಗಾಳಿಯನ್ನು ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ, ಟರ್ಬೊ ಒಳ್ಳೆಯದೇ ಆಗಿದ್ದರೂ, ಹೊರಗೆ ಬರುವ ಗಾಳಿ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಈ ಬಿಸಿ ಗಾಳಿ ಹಾಗೇ ಸಿಲಿಂಡರ್ ಒಳಗೆ ಹೋದರೆ ಪೆಟ್ರೋಲು ತನಗೆ ಬೇಕಾದಾಗ ಹೊತ್ತಿಕೊಳ್ಳುತ್ತದೆ. ಸ್ಪಾರ್ಕಿನಿಂದ ಹೊತ್ತಿದ ಬೆಂಕಿ ತನ್ನ ತನಕ ಬರುವುದಕ್ಕೆ ಕಾಯುವುದಿಲ್ಲ. ಅದೇ ನಾಕಿಂಗ್. ಹೊರಗೆ ಟಕಟಕ ಅಂತ ಸಣ್ಣ ಸದ್ದು, ಒಳಗೆ ಪಿಸ್ಟನ್ನಿನ ತಲೆ ಒಡೆಯುವ ಪೆಟ್ಟು.

1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಕಂಪನಿ ಜೆಟ್‌ಫೈರ್ ಅನ್ನುವ ಕಾರು ತಂದಿತು. ಟರ್ಬೊ ಹಾಕಿ ಮಾರಾಟಕ್ಕೆ ಬಂದ ಮೊಟ್ಟಮೊದಲ ಕಾರುಗಳಲ್ಲಿ ಅದೊಂದು. ನಾಕಿಂಗ್ ತಡೆಯಲು ಅವರು ಮಾಡಿದ ಉಪಾಯ ಕೇಳಿ. ನೀರು ಮತ್ತು ಮೆಥನಾಲ್ ಬೆರೆಸಿದ ದ್ರವಕ್ಕೆ ಬೇರೆಯೇ ಒಂದು ಡಬ್ಬ ಇಟ್ಟು, ಟರ್ಬೊ ಕೆಲಸ ಮಾಡುವಾಗ ಅದನ್ನು ಗಾಳಿಯ ಜೊತೆ ಚಿಮ್ಮಿಸಿದರು. ಗಾಳಿ ತಣ್ಣಗಾಗುತ್ತಿತ್ತು. ಎಂಜಿನಿಯರಿಂಗ್ ಲೆಕ್ಕದಲ್ಲಿ ಅದು ಸರಿಯಾಗೇ ಇತ್ತು. ಆದರೆ ಕಾರು ಕೊಂಡವರು ಡಬ್ಬ ತುಂಬಿಸುವುದನ್ನು ಮರೆತರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊ ತೆಗೆದು ಸಾದಾ ಕಾರ್ಬ್ಯುರೇಟರ್ ಕೂರಿಸಿಕೊಡಬೇಕಾಯಿತು. ಮಾದರಿಯೂ ಒಂದೆರಡು ವರ್ಷಕ್ಕೇ ನಿಂತುಹೋಯಿತು. ನನ್ನ ಪ್ರಕಾರ ಆ ಕಾರಿಗೆ ಬಲ ಕಡಿಮೆ ಇರಲಿಲ್ಲ. ಬಿಸಿಯ ಜವಾಬ್ದಾರಿಯನ್ನು ಯಾರು ಹೊರಬೇಕು ಅನ್ನುವಲ್ಲಿ ಅದು ಸೋತಿತು.

ಈಗ ಆ ಕೆಲಸಕ್ಕೆ ಇಂಟರ್‌ಕೂಲರ್ ಇದೆ. ರೇಡಿಯೇಟರಿನಂಥದ್ದೇ, ಒಳಗೆ ನೀರಿನ ಬದಲು ಗಾಳಿ. ಪಾಲಿಯೊದ ಮೂಗು ಚಿಕ್ಕದು. ಬಂಪರಿನ ಹಿಂದೆ ಇಂಟರ್‌ಕೂಲರ್, ಅದರ ಹಿಂದೆ ರೇಡಿಯೇಟರ್, ಫ್ಯಾನು, ಫ್ಯಾನಿನ ಬೆನ್ನಿಗೇ ಟರ್ಬೊ. ಈ ಎಂಜಿನ್ನಿನಲ್ಲಿ ಹೊಗೆಯ ಬದಿ ಮುಂದಕ್ಕಿದೆ. ಎಲ್ಲ ಬಿಸಿಯೂ ಒಂದೇ ಕಡೆ ಗುಂಪುಗೂಡಿತು. ಹಳೇ ಫ್ಯಾನು ಟರ್ಬೊಗೆ ತಾಗುವಷ್ಟು ಹತ್ತಿರ ಬರುತ್ತಿದ್ದುದರಿಂದ ತೆಳು ಫ್ಯಾನು ಹಾಕಬೇಕಾಯಿತು.

ಗದ್ದೆಯಿಂದ ಕಣದವರೆಗೆ

ನಮ್ಮ ಗದ್ದೆಯಿಂದ ಕಾಫಿ ಕಣದವರೆಗೆ ತೋಟದೊಳಗೇ ಒಂದು ಏರು ಇದೆ. ಜೀಪಿಗೂ ಮೊದಲ ಗೇರು ಬೇಕು. ಕಡಿದಾದ ತಿರುವುಗಳು, ಕೆಂಪು ಮಣ್ಣು, ಕೆಲವು ಕಡೆ ಕಲ್ಲು ಹಾಸಿದ್ದೇವೆ. ಕಾರು ಓಡುವ ಸ್ಥಿತಿಗೆ ಬಂದ ಮೇಲೆ ಅದನ್ನೇ ಪರೀಕ್ಷೆಗೆ ಇಟ್ಟುಕೊಂಡೆ. ಮಾರ್ಚ್ ತಿಂಗಳು, ಮಧ್ಯಾಹ್ನ. ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಸಣ್ಣ ಅಡಾಪ್ಟರ್ ಸಿಕ್ಕಿಸಿದರೆ ಎಂಜಿನ್ ಒಳಗೆ ಹೋಗುವ ಗಾಳಿಯ ಬಿಸಿ ಎಷ್ಟು ಅಂತ ಫೋನಿನಲ್ಲಿ ಕಾಣುತ್ತದೆ. ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಕನ್ನಡಕ ಹಣೆಗೇರಿಸಿ ಫೋನನ್ನು ಕಣ್ಣ ಹತ್ತಿರ ಹಿಡಿದುಕೊಂಡರು.

ಗದ್ದೆ ಬದಿಯಲ್ಲಿ ಹೊರಟಾಗ 38 ಅಂದರು. ಮೊದಲ ತಿರುವು ದಾಟುವಾಗ 45. ಕಾರು ಸೊಗಸಾಗಿ ಎಳೆಯುತ್ತಿತ್ತು. ಕಾಲು ಮೇಲೆ ಭಾರ ಹಾಕುವುದೇ ಬೇಡ, ಇಷ್ಟು ಒತ್ತಿದರೆ ಸಾಕು, ಬೆನ್ನು ಸೀಟಿಗೆ ಒರಗುತ್ತದೆ. ‘54’ ಅಂದರು. ಬೈನೆ ಮರದ ಹತ್ತಿರ ಎರಡನೇ ತಿರುವು, ‘61’. ಅವರ ದನಿ ಪಂಪ್‌ಸೆಟ್ಟಿನ ಡೀಸೆಲ್ ಮಟ್ಟ ಹೇಳುವ ದನಿಯೇ. ಗಾಬರಿಯಿಲ್ಲ, ಆದರೆ ಬಿಡುವುದೂ ಇಲ್ಲ. ಕಣದ ಕೆಳಗಿನ ಕೊನೆಯ ಏರಿನಲ್ಲಿ ‘71’ ಅಂದರು. ಅಷ್ಟರಲ್ಲಿ ಕಾರು ಮಂಕಾಗಿತ್ತು. ಕಾಲು ಕೊಟ್ಟರೂ ಮೊದಲಿನ ಹುರುಪಿಲ್ಲ.

ಎಂಜಿನ್ನಿಗೆ ಏನೂ ಆಗಿರಲಿಲ್ಲ. ಗಾಳಿ ಬಿಸಿಯಾಗಿದ್ದನ್ನು ನೋಡಿ ಇಸಿಯು ತಾನೇ ಸ್ಪಾರ್ಕನ್ನು ತಡ ಮಾಡಿ ಬಲ ಇಳಿಸಿತ್ತು. ನಾಕಿಂಗ್ ಆಗದಂತೆ ಕಾಯುವ ಬುದ್ಧಿ ಅದು. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋಗುವಾಗ ಇಂಟರ್‌ಕೂಲರ್ ಮೇಲೆ ಗಾಳಿ ಧಾರಾಳವಾಗಿ ಬೀಸುತ್ತದೆ. ನಮ್ಮ ಏರಿನಲ್ಲಿ ವೇಗ 15. ಭಾರ ಪೂರ್ತಿ, ಗಾಳಿ ಇಲ್ಲ. ಟರ್ಬೊ ಕಾರಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಕಡಿಮೆ. ಕೊಡಗಿನ ಯಾವ ತೋಟದ ರಸ್ತೆಯೂ ಇದೇ ಪರೀಕ್ಷೆ.

ಕಣದಲ್ಲಿ ಬಾನೆಟ್ ತೆಗೆದು ನಿಂತೆವು. ಅಪ್ಪ ಮುಂದಿನಿಂದ ಒಂದು ಸುತ್ತು ನೋಡಿದರು. ಬಂಪರಿಗೂ ಇಂಟರ್‌ಕೂಲರಿಗೂ ನಡುವೆ ಇದ್ದ ಸಂದಿಯಲ್ಲಿ ಕೈ ತೂರಿಸಿದರು. ಅಂಗೈ ಪೂರ್ತಿ ಹೋಯಿತು. ‘ತೋಡಿಗೆ ಕಟ್ಟ ಹಾಕಿ ಬದಿಯಲ್ಲಿ ಇಷ್ಟು ಬಿಟ್ಟರೆ ನೀರು ಗದ್ದೆಗೆ ಬರುತ್ತಾ? ಸುಲಭದ ದಾರಿ ಹಿಡಿದು ಹೋಗುತ್ತೆ. ಗಾಳಿಯೂ ಅಷ್ಟೇ ಅಲ್ವಾ?’ ಅಂದರು. ಅವರು ಇಂಟರ್‌ಕೂಲರ್ ಅನ್ನುವ ವಸ್ತುವನ್ನು ಅದಕ್ಕೆ ಮೊದಲು ನೋಡಿದವರಲ್ಲ. ಗದ್ದೆಗೆ ನೀರು ಕಟ್ಟಿ ಗೊತ್ತಿತ್ತು, ಅಷ್ಟೇ.

ಸಂಜೆ ಕೂತು ಹಳೇ ಲಾರಿ ಟ್ಯೂಬ್ ಕತ್ತರಿಸಿ, ಎಲ್ಲ ಸಂದಿಗಳಿಗೆ ಪಟ್ಟಿ ಕಟ್ಟಿದೆವು. ಬಂಪರ್ ಬಾಯಿಯಿಂದ ಒಳಗೆ ಬಂದ ಗಾಳಿ ಇಂಟರ್‌ಕೂಲರ್ ಮೂಲಕವೇ ಹೋಗಬೇಕು, ಅಲ್ಲಿಂದ ರೇಡಿಯೇಟರ್ ಮೂಲಕವೇ ಹೋಗಬೇಕು, ಬದಿಯಿಂದ ತಪ್ಪಿಸಿಕೊಳ್ಳಬಾರದು. ಹಾಗೆ ಮಾಡಿದರೆ ಕಾರು ನಿಂತಿದ್ದರೂ ಫ್ಯಾನು ಎಳೆಯುವ ಗಾಳಿ ಎರಡನ್ನೂ ದಾಟಿಯೇ ಬರಬೇಕು. ಮರುದಿನ ಅದೇ ಹೊತ್ತಿಗೆ ಅದೇ ಏರು ಹತ್ತಿದಾಗ ಕೊನೆಯಲ್ಲಿ ಅಪ್ಪ ಹೇಳಿದ ಅಂಕಿ 57. ದುಡ್ಡು ಕೊಟ್ಟು ತಂದ ಯಾವ ಸಾಮಾನೂ ಇಷ್ಟು ಕೆಲಸ ಮಾಡಿರಲಿಲ್ಲ.

ಒಣ ಎಲೆ, ಒದ್ದೆ ಗಾಳಿ

ಇಲ್ಲಿಗಷ್ಟೇ ಸೇರಿದ ಎರಡು ಸಂಗತಿ ಹೇಳಬೇಕು. ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಇವು ನನಗೆ ಸಿಕ್ಕಿರಲಿಲ್ಲ.

ಒಂದು, ಒಣ ಎಲೆ. ಬೇಸಿಗೆಯಲ್ಲಿ ತೋಟದ ದಾರಿ ತುಂಬ ಸಿಲ್ವರ್ ಓಕ್ ಎಲೆ ಹಾಸಿರುತ್ತದೆ. ಬೆಂಕಿ ತಾಗಿದರೆ ಕ್ಷಣದಲ್ಲಿ ಹತ್ತಿಕೊಳ್ಳುವ ಎಲೆ. ಏರು ಹತ್ತಿ ಬಂದ ಟರ್ಬೊ ಕಾರಿನ ಹೊಗೆ ಪೈಪು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎರಡೂ ಎಂಜಿನ್ ಕೆಳಗೆ ನೆಲಕ್ಕೆ ಹತ್ತಿರ ಇರುತ್ತವೆ. ಅಂಥ ಕಾರನ್ನು ಎಲೆ ರಾಶಿಯ ಮೇಲೆ ನಿಲ್ಲಿಸಿದರೆ ಏನಾಗಬಹುದು ಅಂತ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲಿ ಈಗ ನಿಯಮ ಇದೆ. ಈ ಕಾರು ನಿಲ್ಲುವುದು ಕಣದ ಸಿಮೆಂಟಿನ ಮೇಲೆ ಮಾತ್ರ. ಏರು ಹತ್ತಿ ಬಂದ ಮೇಲೆ ಎಂಜಿನ್ನನ್ನು ಕೂಡಲೇ ನಿಲ್ಲಿಸುವುದೂ ಇಲ್ಲ, ಸ್ವಲ್ಪ ಹೊತ್ತು ಸುಮ್ನೆ ಓಡಲು ಬಿಡುತ್ತೇನೆ. ಆಯಿಲ್ ಹರಿಯುತ್ತಿದ್ದರೆ ಟರ್ಬೊದ ಬಿಸಿಯನ್ನು ಹೊತ್ತು ತರುತ್ತದೆ. ನಿಲ್ಲಿಸಿಬಿಟ್ಟರೆ ಅಲ್ಲೇ ಉಳಿದ ಆಯಿಲ್ ಸುಟ್ಟು ಕರಿ ಕಟ್ಟಿಕೊಳ್ಳುತ್ತದೆ.

ಇನ್ನೊಂದು, ನಮ್ಮ ಮಳೆ. ಹೊಗೆ ಪೈಪಿಗೆ ಬಟ್ಟೆಯ ಪಟ್ಟಿಯಂಥ ಹೀಟ್ ವ್ರ್ಯಾಪ್ ಸುತ್ತುವುದು ಬಹಳ ಕಡೆ ರೂಢಿ. ಒಣ ಊರಿಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ಊರಿನಲ್ಲಿ ಅದು ನೀರು ಹೀರಿ ಪೈಪಿಗೆ ಅಂಟಿ ಕೂರುತ್ತದೆ, ಒಳಗೊಳಗೇ ತುಕ್ಕು ತಿನ್ನುತ್ತದೆ. ಎಂಜಿನ್ನಿನಿಂದ ಹೊಗೆ ಹೊರಬರುವ ಎರಕದ ಮ್ಯಾನಿಫೋಲ್ಡಿಗೆ ಸುತ್ತಿದರಂತೂ ಬಿಸಿ ಹೊರಗೆ ಹೋಗದೆ ಬಿರುಕು ಬಿಡುವ ಭಯ. ಅದಕ್ಕೆ ತಗಡಿನ ಮರೆ ಮಾಡಿದೆವು. ಟರ್ಬೊಗೂ ತಗಡಿಗೂ ನಡುವೆ ಬೆರಳಗಲ ಜಾಗ ಬಿಟ್ಟು, ಅಲ್ಲಿ ಗಾಳಿ ಆಡುವ ಹಾಗೆ. ಮೇಸ್ತ್ರಿ ಮೊದಲು ಮಾಡಿಗೆ ಹಾಕಿ ಮಿಕ್ಕಿದ್ದ ಜಿಂಕ್ ಶೀಟ್ ತಂದರು. ಬೇಡ ಅಂದೆ. ಅಷ್ಟು ಬಿಸಿಗೆ ಸತು ಸುಟ್ಟು ಬರುವ ಹೊಗೆ ಮನುಷ್ಯರಿಗೆ ಒಳ್ಳೆಯದಲ್ಲ. ಸ್ಟೇನ್‌ಲೆಸ್ ಸ್ಟೀಲ್ ಶೀಟ್ ತರಿಸಿ, ಅವರೇ ಸುತ್ತಿಗೆಯಲ್ಲಿ ಬಡಿದು ಆಕಾರಕ್ಕೆ ತಂದರು. ಅಂಚುಗಳನ್ನು ಅವರು ಮಡಚಿದ ರೀತಿ ನೋಡಬೇಕು. ಎಲ್ಲೂ ಕೈ ಕೊಯ್ಯುವುದಿಲ್ಲ, ಎಲ್ಲೂ ಅಲುಗಾಡುವುದಿಲ್ಲ.

ಪೆಟ್ರೋಲಿನಲ್ಲಿ ಈಗ ಎಥನಾಲ್ ಜಾಸ್ತಿ ಇರುವುದರಿಂದ ಇಪ್ಪತ್ತು ವರ್ಷದ ಹಿಂದಿನ ರಬ್ಬರ್ ಹೋಸುಗಳನ್ನೂ ಬದಲಾಯಿಸಿದೆ. ಬಿಸಿ ಟರ್ಬೊ ಹತ್ತಿರ ಪೆಟ್ರೋಲ್ ಹನಿಯುವುದನ್ನು ಊಹಿಸಿಕೊಂಡರೆ ಸಾಕು, ಆ ಖರ್ಚು ಖರ್ಚು ಅನಿಸುವುದಿಲ್ಲ.

ಗೇಟಿನ ಒಳಗೆ

ಈ ಕಾರು ನಮ್ಮ ಗೇಟು ದಾಟಿ ರಸ್ತೆಗೆ ಹೋಗುವುದಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಇಂಥ ಕೆಲಸದ ಬಗ್ಗೆ ಮಾತಾಡುವವರು ಇದೊಂದನ್ನು ನುಂಗಿಕೊಳ್ಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಾರು ತಯಾರಿಸಿದವರು ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ ಶಿಕ್ಷೆಯೂ ಇದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ನನಗೆ ಈ ಕಾನೂನಿನ ಮೇಲೆ ಸಿಟ್ಟಿಲ್ಲ. ಟರ್ಬೊ ಹಾಕಿ ಹಳೇ ಬ್ರೇಕನ್ನೇ ಉಳಿಸಿಕೊಂಡ ಕಾರುಗಳನ್ನು ನಾನು ನೋಡಿದ್ದೇನೆ. ಅಂಥದ್ದು ಮಳೆಯಲ್ಲಿ ಸಂಪಾಜೆ ಇಳಿಯುವಾಗ ಎದುರಿನ ಕಾರಿನಲ್ಲಿ ನಮ್ಮ ಮನೆಯವರೇ ಇರಬಹುದು. ಆದರೆ ಒಂದು ಆಸೆ ಇದೆ. ಇಂಥ ಕಾರನ್ನು ಪರೀಕ್ಷೆಗೆ ಒಡ್ಡಿ, ಬ್ರೇಕು, ಹೊಗೆ, ವೆಲ್ಡಿಂಗ್ ಎಲ್ಲ ತಪಾಸಣೆ ಮಾಡಿಸಿ ಪಾಸು ಮಾಡಿಕೊಳ್ಳುವ ಒಂದು ದಾರಿ ಮನೆಯಲ್ಲಿ ಕೆಲಸ ಮಾಡುವವರಿಗೂ ಇರಬೇಕಿತ್ತು. ಪರೀಕ್ಷೆ ಎಷ್ಟು ಕಠಿಣವಾದರೂ ಇರಲಿ. ದಾರಿಯೇ ಇಲ್ಲದಿದ್ದರೆ ಜನ ಕದ್ದು ಓಡಿಸುತ್ತಾರೆ, ಕದ್ದು ಓಡಿಸುವವರು ಬ್ರೇಕಿಗೆ ದುಡ್ಡು ಹಾಕುವುದಿಲ್ಲ.

ಹಾಗಾಗಿ ಈ ಕಾರಿನ ಜಾಗ ತೋಟದ ದಾರಿ ಮತ್ತು ಕೊಯ್ಲಾದ ಗದ್ದೆಯ ಆಟೋಕ್ರಾಸ್. ಅಲ್ಲಿಗೂ ಟ್ರಕ್ಕಿನ ಮೇಲೆ ಹೋಗುತ್ತದೆ. ಭತ್ತ ಕೊಯ್ದು ಗಟ್ಟಿಯಾದ ಗದ್ದೆಯಲ್ಲಿ ಟ್ರ್ಯಾಕ್ ಹಾಕಿ ಓಡಿಸುವ ಸುಖ ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಧೂಳು ಮಾತ್ರ ಇಂಟರ್‌ಕೂಲರಿನ ರೆಕ್ಕೆಗಳೊಳಗೆ ಸೇರುತ್ತದೆ, ಪ್ರತಿ ಸಲ ಬಂದ ಮೇಲೆ ಹಿಂಬದಿಯಿಂದ ಮೆತ್ತಗೆ ನೀರು ಬಿಟ್ಟು ತೊಳೆಯಬೇಕು. ಜೋರು ಬಿಟ್ಟರೆ ರೆಕ್ಕೆ ಮಡಚಿಹೋಗುತ್ತವೆ.

ಲಿನಿಯಾ ಟಿ-ಜೆಟ್‌ಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು. ಪಾಲಿಯೊಗೆ ಹಿಂದೆ ಡ್ರಮ್. ಮುಂದಿನ ಬ್ರೇಕ್ ಆಗಲೇ ಬದಲಾಗಿದೆ. ಹಿಂದಿನದು ಈ ಮಳೆಗಾಲದ ಕೆಲಸ. ಗುಜರಿಯಿಂದ ತಂದ ಕ್ಯಾಲಿಪರುಗಳು ಬಿಚ್ಚಿ ಹಲಗೆಯ ಮೇಲಿವೆ, ಸೀಲ್ ಕಿಟ್ ಬರಬೇಕು. ಅದು ಮುಗಿಯುವ ತನಕ ಗದ್ದೆಗೂ ಇಳಿಸುವುದಿಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೇನೆ.

ಡ್ಯಾಶ್‌ಬೋರ್ಡಿನಲ್ಲಿ ಇನ್ನೊಂದು ಮೀಟರಿಗೆ ಮಾತ್ರ ಜಾಗ ಇದೆ. ನನ್ನ ಚಿಕ್ಕಪ್ಪನ ಮಗ ಟರ್ಬೊದ ಒತ್ತಡ ತೋರಿಸುವ ಬೂಸ್ಟ್ ಮೀಟರ್ ತಂದುಕೊಟ್ಟಿದ್ದಾನೆ. ಮುಳ್ಳು ಏರುವುದು ನೋಡಲು ಚಂದ, ಪಕ್ಕದಲ್ಲಿ ಕೂತವರಿಗೂ ಖುಷಿ. ಅದನ್ನು ಪೆಟ್ಟಿಗೆ ಸಮೇತ ಕಪಾಟಿನಲ್ಲಿ ಇಟ್ಟಿದ್ದೇನೆ. ಆ ಜಾಗಕ್ಕೆ ಆಯಿಲ್ ಟೆಂಪರೇಚರ್ ಮೀಟರ್ ಬರುತ್ತದೆ, ಸೆನ್ಸರನ್ನು ಸಂಪ್‌ಗೆ ಕೂರಿಸಲು ಮೇಸ್ತ್ರಿ ಮುಂದಿನ ವಾರ ಬರುತ್ತೇನೆ ಅಂದಿದ್ದಾರೆ.